ತಾನಾಗಿ ಏಳುವ ಕಂಪ್ಯೂಟರ್

ಬಸವಕಲ್ಯಾಣದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಹೊಲಕ್ಕೆ ಹೋಗಿದ್ದಾಗ ಅವರ ಎರಡು ಆಡುಗಳು ಕಳವಾದವು. ಬಾಗಿಲಲ್ಲಿ ಕ್ಯಾಮೆರಾ ಇತ್ತು. ಆದರೆ ಅದರ ದೃಶ್ಯಗಳನ್ನು ಉಳಿಸಿಡುವ ಹಳೆಯ ಕಂಪ್ಯೂಟರ್ ಕರೆಂಟ್ ಹೋದಾಗ ಆರಿದ್ದು, ಕರೆಂಟ್ ಬಂದ ಮೇಲೂ ಶುರುವಾಗಿರಲಿಲ್ಲ.

ಹೊಸದನ್ನು ಕೊಳ್ಳಲು ನನ್ನನ್ನೂ ಕರೆದುಕೊಂಡು ಹುಮನಾಬಾದಿಗೆ ಹೊರಟರು. ಅಂಗಡಿಯವರು ಏನೇ ಬಣ್ಣಿಸಲಿ, ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, “ತಾನಾಗಿ ಏಳ್ತದೇನ್ರಿ?” ಎಂದು ಪ್ಲಗ್ಗನ್ನೇ ಕಿತ್ತುಬಿಡುತ್ತಿದ್ದರು. ಎರಡು ಅಂಗಡಿಗಳಲ್ಲಿ ಪ್ಲಗ್ ಮತ್ತೆ ಹಾಕಿದರೂ ಪರದೆ ಕಪ್ಪಾಗಿಯೇ ಉಳಿಯಿತು.

ಮೂರನೆಯ ಅಂಗಡಿಯವನು ಒಳಗಿನ ಸೆಟ್ಟಿಂಗ್ ಬದಲಿಸಿದ. ಈ ಸಲ ಅಕ್ಕ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದಾಗ ಯಾರೂ ಗುಂಡಿ ಒತ್ತದೆ ಕಂಪ್ಯೂಟರ್ ಎದ್ದಿತು. ಅದಕ್ಕೆ ಜೋಡಿಸಿದ್ದ ಅಂಗಡಿಯ ಕ್ಯಾಮೆರಾದ ಚಿತ್ರವೂ ಮೂಡಿತು.

“ಆಯ್ತಲ್ರೀ ಅವ್ವಾರ, ಪ್ಯಾಕ್ ಮಾಡ್ಲೇನ್ರಿ?” ಎಂದ.

ಅಕ್ಕ ಮತ್ತೆ ಪ್ಲಗ್ ಕಿತ್ತರು. “ನಮ್ಮಲ್ಲಿ ಕರೆಂಟ್ ದಿನಕ್ಕ ಒಂದೇ ಸಲ ಹೋಗ್ತದೇನು ತಮ್ಮಾ?”