ಅತ್ತೆಗಾಗಿ ಒಂದಂಗುಲ

ನಮ್ಮ ಮಾವನವರ ಬಲ ಮೊಣಕೈ ಎಡದ್ದಕ್ಕಿಂತ ಕಪ್ಪಗಿತ್ತು. ಕಾರು ಓಡಿಸುವಾಗ ಅದನ್ನು ಬಾಗಿಲ ಮೇಲಿಟ್ಟು ಬಿಸಿಲಿಗೆ ಕೊಡುವುದು ಅವರ ಅಭ್ಯಾಸ. ಆ ಕಾರಿಗೆ ಮೇಲ್ಛಾವಣಿ ಇರಲಿಲ್ಲ. ಎರಡೇ ಸೀಟಿನ ಹಳೆಯ ವಿಲಾಯಿತಿ ಸ್ಪೋರ್ಟ್ಸ್ ಕಾರು, ಬಣ್ಣ ಕೆಂಪು. ಯಾವುದೋ ಕಾಫಿ ತೋಟದ ಶೆಡ್ಡಿನಲ್ಲಿ ಅದರೊಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದಾಗ ಕೊಂಡು ತಂದಿದ್ದರಂತೆ.

ತೊಂಬತ್ತರ ದಶಕದಲ್ಲಿ ನಾನು ಗೋಪಾಳ ಬಡಾವಣೆಯ ಆ ಮನೆಗೆ ಸೊಸೆಯಾಗಿ ಬಂದಾಗ ಮಾವ ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾಗಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಬೆರಳಲ್ಲಿ ಉಳಿದ ವಿಭೂತಿಯನ್ನು ಕಾರಿನ ಮೂತಿಗೆ ಒರೆಸುತ್ತಿದ್ದರು. ಪೂಜೆಯಲ್ಲೂ ಇವರ ಮನಸ್ಸು ಅಲ್ಲೇ ಇರುತ್ತದೆ ಎಂದು ಅತ್ತೆ ಗೊಣಗುತ್ತಿದ್ದರು. ಗೊಣಗಾಟ ಬರೀ ಬಾಯಿಮಾತಿನದು. ಭಾನುವಾರ ಭದ್ರಾವತಿಯ ತಂಗಿಯ ಮನೆಗೆ ಹೊರಟರೆ ಸೆರಗನ್ನು ತಲೆಗೆ ಬಿಗಿದುಕೊಂಡು, ಮಾವನ ಪಕ್ಕದಲ್ಲಿ ರಾಣಿಯ ಹಾಗೆ ಕೂರುತ್ತಿದ್ದವರು ಇದೇ ಅತ್ತೆ.

ಆದರೆ ಕಾರು ನೆಲಕ್ಕೆ ಅಂಟಿಕೊಂಡಂತಿತ್ತು. ಅತ್ತೆಗೆ ಮಂಡಿನೋವು ಶುರುವಾದ ಮೇಲೆ ಕೂರುವುದು ಹೇಗೋ ಆಗುತ್ತಿತ್ತು, ಏಳುವುದು ಆಗುತ್ತಿರಲಿಲ್ಲ. ಒಮ್ಮೆ ತಂಗಿಯ ಮನೆ ಮುಂದೆ, ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗ, ಅವರನ್ನು ಹಿಡಿದೆತ್ತಬೇಕಾಯಿತು. ನಾಚಿಕೆಯಿಂದ, ಇನ್ನು ಮೇಲೆ ಬಸ್ಸಿನಲ್ಲೇ ಹೋಗುತ್ತೇನೆ ಎಂದುಬಿಟ್ಟರು. ಮುಂದಿನ ಭಾನುವಾರ ಮಾವ ಕಾರು ಒರೆಸಿದರು, ಹೊರಗೆ ತೆಗೆಯಲಿಲ್ಲ. ನೀವೊಬ್ಬರೇ ಒಂದು ಸುತ್ತು ಹೋಗಿ ಬನ್ನಿ ಎಂದೆ. "ಅದಕ್ಕಿರೋದು ಎರಡು ಸೀಟು ಕಣಮ್ಮ" ಎಂದರು.

ಆಮೇಲೆ ಅವರಿಗೆ ದೊಡ್ಡ ಚಕ್ರದ ಹುಚ್ಚು ಹಿಡಿಯಿತು. ಚಕ್ರ ದೊಡ್ಡದಾದರೆ ಕಾರು ಎತ್ತರವಾಗುತ್ತದೆ, ಅತ್ತೆಗೆ ಏಳುವುದು ಸುಲಭವಾಗುತ್ತದೆ ಎಂಬುದು ಲೆಕ್ಕಾಚಾರ. ಈ ವಯಸ್ಸಿನಲ್ಲಿ ಕಾಲೇಜು ಹುಡುಗರ ಶೋಕಿ ಎಂದು ನನ್ನ ಗಂಡ ನಕ್ಕರು. ಹಳೆ ಕಾರಿನ ಒಂದು ನಟ್ಟೂ ಬದಲಾಗಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವರು ಮಾವನೇ. ಅವರೇ ಬೆಂಗಳೂರಿನಿಂದ ಅಲಾಯ್ ವೀಲ್ ತರಿಸಿ, ಮಾಚೇನಹಳ್ಳಿಯ ಗ್ಯಾರೇಜಿನಲ್ಲಿ ಮೇಸ್ತ್ರಿಯ ಜೊತೆ ನಿಂತು ಹಾಕಿಸಿದರು. ಇಷ್ಟೆಲ್ಲ ರಾಮಾಯಣ ಮಾಡಿ ಕಾರು ಎದ್ದದ್ದು ಒಂದೇ ಒಂದು ಅಂಗುಲ. ಅದನ್ನೂ ಗೇಟಿನಲ್ಲಿ ಕುಕ್ಕರಗಾಲಲ್ಲಿ ಕೂತು, ಸ್ಕೇಲ್ ಹಿಡಿದು, ನಮಗೆಲ್ಲ ತೋರಿಸಿದರು.

ಅತ್ತೆ ಮನಸ್ಸು ಮಾಡಿ ಹತ್ತಿದರು. ನಮ್ಮ ಬೀದಿಯ ತಿರುವಿನಲ್ಲೇ ಗರಗರ ಸದ್ದು, ರಬ್ಬರ್ ಸುಟ್ಟ ವಾಸನೆ. ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತಿತ್ತು. ಗ್ಯಾರೇಜಿನಲ್ಲಿ ಕಾರನ್ನು ಜ್ಯಾಕ್ ಮೇಲೆತ್ತಿ, ಚಕ್ರ ಗಿರಗಿರ ತಿರುಗುವುದನ್ನು ನೋಡಿ ಮಾವನೂ ಮೇಸ್ತ್ರಿಯೂ ಖುಷಿಪಟ್ಟಿದ್ದರು. ಇಬ್ಬರು ಕೂತರೆ ಸ್ಪ್ರಿಂಗ್ ತಗ್ಗುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಅತ್ತೆ ಕಷ್ಟಪಟ್ಟು ಇಳಿದು ಮನೆಯತ್ತ ನಡೆದರು. "ನನ್ನ ಭಾರಕ್ಕೇ ಹಿಂಗಾಯ್ತು" ಎಂದಷ್ಟೇ ಹೇಳಿ ಒಳಗೆ ಹೋದರು.

ಮಾವ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮರುದಿನ, ಭಾರಕ್ಕೆ ಇರಲಿ ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಚೇನಹಳ್ಳಿಗೆ ಹೋದರು. ಮಡ್‌ಗಾರ್ಡಿನ ಅಂಚು ತೆಗೆಯಬೇಕು ಎಂದಾಗ ಮೇಸ್ತ್ರಿಯೇ ಹಿಂಜರಿದ. ಇದರ ಮೈಗೆ ಗರಗಸ ತಾಗಿಸಿದರೆ ನಿನ್ನ ಗ್ಯಾರೇಜಿನ ಕಡೆ ತಲೆ ಹಾಕುವುದಿಲ್ಲ ಎಂದು ಮಾವ ಹಿಂದೆ ಅವನನ್ನು ಎಚ್ಚರಿಸಿದ್ದರು.

"ತಗಡು ಕಣಯ್ಯ ಅದು. ಕಟ್ ಮಾಡು" ಎಂದರು. ಮಿಷನ್ ಶುರುವಾದಾಗ ರಸ್ತೆ ಕಡೆ ತಿರುಗಿ ನಿಂತರು.

ಭಾನುವಾರಗಳು ಮರಳಿ ಬಂದವು. ದೊಡ್ಡ ಚಕ್ರ ಹಾಕಿದ ಮೇಲೆ ಸ್ಪೀಡ್ ತೋರಿಸುವ ಮುಳ್ಳು ಇರುವುದಕ್ಕಿಂತ ಕಡಿಮೆ ತೋರಿಸುತ್ತಿತ್ತು. ನಿಧಾನ ಎಂದು ಅತ್ತೆ ಗದರಿದರೆ ಮಾವ ಮುಳ್ಳಿನ ಕಡೆ ಕೈ ತೋರಿಸಿ ಸಾಧುವಿನಂತೆ ಕೂರುತ್ತಿದ್ದರಂತೆ. ಈ ಗುಟ್ಟನ್ನು ನನಗೆ ಕಾರು ಓಡಿಸಲು ಕಲಿಸುವಾಗ ಹೇಳಿದ್ದರು. ವಾಪಸು ಬಂದಾಗ ಅತ್ತೆ ಬಾಗಿಲ ಅಂಚು ಹಿಡಿದು ಒಂದೇ ಏಟಿಗೆ ಏಳುವರು. ಮಾವ ಪಕ್ಕದಲ್ಲಿ ನಿಂತು, ನೋಡಿದೆಯಾ ಎಂಬಂತೆ ನನ್ನತ್ತ ಹುಬ್ಬು ಹಾರಿಸುವರು.

ಕೆಲವು ವರ್ಷಗಳ ನಂತರ ಮಾವ ನಿದ್ದೆಯಲ್ಲೇ ಶಿವೈಕ್ಯರಾದರು. ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲಿನ ಭಾನುವಾರ ಅತ್ತೆ ತಾವಾಗಿಯೇ ಕಾರು ತೆಗೆಯಲು ಹೇಳಿದರು. ನಾನು ಓಡಿಸಿದೆ. ದಾರಿಯುದ್ದಕ್ಕೂ ಒಂದು ಸಲವೂ ನಿಧಾನ ಎನ್ನಲಿಲ್ಲ. ತಂಗಿಯ ಮನೆ ಮುಂದೆ ನಿಲ್ಲಿಸಿದರೆ ಅವರಿಗೆ ಏಳಲಾಗಲಿಲ್ಲ. ಎರಡೂ ಕೈ ಹಿಡಿದು ಎಳೆದೆ. ಇಷ್ಟು ದಿನ ಸಲೀಸಾಗಿ ಏಳುತ್ತಿದ್ದಿರಲ್ಲ ಎಂದೆ.

"ಒಂದಂಗುಲಕ್ಕೆ ಮಂಡಿನೋವು ಹೋಗುತ್ತೇನಮ್ಮ? ಅಷ್ಟು ಪ್ರೀತಿಯ ಗಾಡೀನ ನನಗೋಸ್ಕರ ಕಟ್ ಮಾಡ್ಸಿದ್ರು. ಹಲ್ಲು ಕಚ್ಕೊಂಡು ಏಳ್ತಿದ್ದೆ."

ನನಗೆ ಅಲ್ಲೇ ಅಳು ಬಂತು. ಸಂಸಾರದ ಬಗ್ಗೆ ನನಗೆ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ಮೂಲ ಚಕ್ರಗಳು ಈಗಲೂ ಅಟ್ಟದ ಮೇಲಿವೆ. ಅವನ್ನು ಹಾಕಿ ಮಡ್‌ಗಾರ್ಡ್ ಸರಿ ಮಾಡಿಸಿದರೆ ಕಾರು ಮೊದಲಿನಂತಾಗುತ್ತದೆ ಎಂದು ಬಲ್ಲವರು ಹೇಳುತ್ತಲೇ ಇರುತ್ತಾರೆ. ಹೇಳಲಿ. ನಾನಿರುವವರೆಗೂ ಆ ಕಾರು ಒಂದಂಗುಲ ಕೆಳಗಿಳಿಯುವುದಿಲ್ಲ.