ಮೊದ್ಲ ಟಾಯ್ಲೆಟ್, ಆಮ್ಯಾಲ ಪೆಂಗ್ವಿನ್

ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದವಳು ದಕ್ಷಿಣ ಅಮೆರಿಕದ ಹಡಗು ಪ್ರವಾಸಕ್ಕೆ ನನ್ನನ್ನೂ ಹೊರಡಿಸಿದಳು. ನನಗೆ ಮೂತ್ರ ತಡೆಯಲಾಗುವುದಿಲ್ಲ. ಬಂದರುಗಳಲ್ಲಿ ಇಳಿಯದೆ ಹಡಗಿನಲ್ಲೇ ಕೂರುತ್ತೇನೆ ಎಂದೆ. ಹಡಗಿನವರ ಟೂರ್ ಬಸ್ಸು ನಡುವೆ ನಿಲ್ಲುವುದಿಲ್ಲವೆಂದು ಅವಳು ಪ್ರತಿ ಬಂದರಿಗೂ ಬೇರೆ ಕಾರು ಬುಕ್ ಮಾಡಿದಳು. ದಾರಿಯಲ್ಲಿ ಟಾಯ್ಲೆಟ್ ಎಲ್ಲಿದೆ ಎಂಬುದೇ ಡ್ರೈವರ್‌ಗೆ ಅವಳ ಮೊದಲ ಪ್ರಶ್ನೆ.

"ಮೊದ್ಲ ಟಾಯ್ಲೆಟ್ ನೋಡೋಣ್ರಿ ಆಂಟಿ, ಆಮ್ಯಾಲ ಪೆಂಗ್ವಿನ್" ಎಂದು ಬೆರಳೆತ್ತುವಳು.

ಪೆಂಗ್ವಿನ್ ನೋಡುವುದು ಅವಳ ಬಹುದಿನದ ಆಸೆ. ಮೊದಲ ಬಂದರಿನಲ್ಲೇ ಅದಕ್ಕೆಂದು ಹೊರಟ ಕಾರು ನನಗಾಗಿ ಪದೇಪದೇ ನಿಂತು ಹೊತ್ತು ಮೀರಿತು. ಹಡಗು ತಪ್ಪೀತೆಂದು ಅರ್ಧ ದಾರಿಯಲ್ಲೇ ಕಾರು ಹಿಂದಕ್ಕೆ ತಿರುಗಿಸಲು ಹೇಳಿದಳು.

"ನಿನ್ನ ಪೆಂಗ್ವಿನ್ ಹಾಳು ಮಾಡಿದೆನಲ್ಲೇ" ಎಂದೆ.

"ಬಿಡ್ರಿ, ಪೆಂಗ್ವಿನ್ ನಮ್ಮ ಮೆಲ್ಬರ್ನ್‌ ಕಡೆನೂ ಅದಾವ. ನೀವು ಹಡಗು ಇಳಿದ್ರಲ್ಲ, ಅದ ದೊಡ್ಡದು."

ಮುಂದಿನ ಬಂದರಿನಲ್ಲಿ ಅವಳಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತವಳು ನಾನು.