ಘಾಟು ತಾಗದ ಸಾಹೇಬ

ಮುಂಬೈಯ ಕಂಪನಿಯವರು ಅಚ್ಚು ಹಾಕಿಸಿಕೊಟ್ಟ ಕಾರ್ಡಿನ ಮೇಲೆ ಅವನ ಹೆಸರು ಉದಯ್ ಕುಮಾರ್. ನಮ್ಮೂರು ಕದರಮಂಡಲಗಿಯಿಂದ ಬ್ಯಾಡಗಿ ಹೈಸ್ಕೂಲಿಗೆ ನನ್ನ ಸೈಕಲ್ಲಿನ ಹಿಂದೆ ಕೂತು ಬರುತ್ತಿದ್ದಾಗ ಅವನು ಉಡಚಪ್ಪ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ತಾಯಿಯ ತಂಗಿ, ಚಿಗವ್ವ ಗದಿಗೆವ್ವ. ಬ್ಯಾಡಗಿಯ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಉರಿಯುವ ಬೆರಳುಗಳನ್ನು ರಾತ್ರಿ ಮಜ್ಜಿಗೆಯಲ್ಲಿ ಅದ್ದಿಕೊಂಡು, ಅವನನ್ನು ಮುಂಬೈಯ ದೊಡ್ಡ ಕಾಲೇಜಿನ ತನಕ ಓದಿಸಿದಳು.

ಕೆಲಸ ಸಿಕ್ಕ ಹೊಸದರಲ್ಲಿ ಊರಿಗೆ ಬಂದಿದ್ದ. ನಿಮ್ಮ ಕಂಪನಿ ಏನು ಮಾರುತ್ತದೆ ಎಂದು ಕೇಳಿದೆ. ಸಲಹೆ ಎಂದ. ನಮ್ಮ ಕಡೆ ಅದು ಚಹಾದಂಗಡಿಯ ಕಟ್ಟೆಯ ಮೇಲೆ ಪುಕ್ಕಟೆ ಸಿಗುತ್ತದೆ ಎಂದೆ. ಅವನಿಗೆ ನಗು ಬರಲಿಲ್ಲ. ವಿಮಾನದಲ್ಲಿ ಓಡಾಟ, ಕಂಪನಿಯದೇ ಮನೆ, ಇಪ್ಪತ್ತೈದರ ಹುಡುಗನ ಮಾತಿಗೆ ಕಾರ್ಖಾನೆಯ ಮಾಲೀಕರೇ ತಲೆದೂಗುವುದು, ಎಲ್ಲವನ್ನೂ ವರ್ಣಿಸಿದ. ಭಾನುವಾರ ಎಂಬುದಿಲ್ಲ, ಉಂಡದ್ದು ಜೀರ್ಣವಾಗುವುದಿಲ್ಲ, ಕಾಲಕಾಲಕ್ಕೆ ಬಡ್ತಿ ಸಿಗದವನನ್ನು ನಯವಾಗಿ ಹೊರಗೆ ಕಳಿಸುತ್ತಾರೆ ಎಂಬುದನ್ನು ಮಾತ್ರ ತಗ್ಗಿದ ದನಿಯಲ್ಲಿ ಹೇಳಿದ. ಮಂದಿಗೆ ಬುದ್ಧಿ ಹೇಳಿ ಹೊಟ್ಟೆ ಕೆಡಿಸಿಕೊಳ್ಳುವ ಉದ್ಯೋಗ ನಾನು ಅದೇ ಮೊದಲು ಕೇಳಿದ್ದು.

ತೊಂಬತ್ನಾಲ್ಕರಲ್ಲಿ ನಮ್ಮ ಗೋದಾಮನ್ನು ಹುಬ್ಬಳ್ಳಿಯ ಒಬ್ಬರು ಕೊಂಡರು. ನಾನು ಅಲ್ಲಿ ಗುಮಾಸ್ತ. ಹೊಸ ಮಾಲೀಕರಿಗೆ ವ್ಯಾಪಾರ ದೊಡ್ಡದು ಮಾಡುವ ಹುಚ್ಚು. ಮುಂಬೈಯಿಂದ ಸಲಹೆಗಾರರನ್ನು ಕರೆಸಿದರು. ಬಂದವರು ಇಬ್ಬರು, ಒಬ್ಬ ಮೇಲಧಿಕಾರಿ, ಇನ್ನೊಬ್ಬ ನಮ್ಮ ಉಡಚಪ್ಪ. ಮನೆಯಲ್ಲಿ ಉರ್ದು ಆಡುವ ನಾನು, ರಹಿಮಾನಸಾಬ, ಅವರ ಹಿಂದಿಯನ್ನು ತೊಟ್ಟು ಬಿಡಿಸುವ ಹೆಂಗಸರಿಗೆ ಕನ್ನಡದಲ್ಲಿ ಹೇಳಬೇಕೆಂದು ಅಪ್ಪಣೆಯಾಯಿತು. ಉಡಚಪ್ಪನ ಮುಖ ನೋಡಿ ನಗಲು ಹೋದೆ. ಅವನು ನನ್ನನ್ನು ಚೀಲಗಳ ಮರೆಗೆ ಎಳೆದ.

“ಈ ಕೆಲಸ ಮುಗಿಯೂತನಕ ನನ್ನ ಗುರುತ ಹಿಡೀಬ್ಯಾಡ. ಮುಂಬೈ ಮನಷ್ಯಾ ಅಂತ ರೊಕ್ಕ ಕೊಡಾಕತ್ತಾರ, ಕದರಮಂಡಲಗಿಯವಗ ಯಾರ ಕೊಡ್ತಾರ?”

ಅದು ಮೇಲಧಿಕಾರಿ ಮಾಡಿದ ಆಜ್ಞೆಯಂತೆ. ಈ ಸಲ ಬಡ್ತಿ ತಪ್ಪಿದರೆ ಕೆಲಸವೇ ಹೋಗುತ್ತದಂತೆ. ನಿನ್ನ ಚಿಗವ್ವ ಒಳಗೇ ಕೂತಿದ್ದಾಳಲ್ಲ ಎಂದೆ. ಸಂಜೆ ಮನೆಗೆ ಹೋಗಿ ಹೇಳುತ್ತೇನೆ, ಅವಳಿಗೆ ತಿಳಿಯುತ್ತದೆ ಎಂದ. ಊರಿಗೆಲ್ಲ ಬುದ್ಧಿ ಮಾರುವವನ ಹತ್ತಿರ ಸ್ವಂತಕ್ಕೆ ಅಷ್ಟೇ ಉಳಿದಿತ್ತು.

ಒಳಗೆ ಹೋದೆವು. ಸಾಲಾಗಿ ಕೂತ ಹೆಂಗಸರು ತಲೆಯೆತ್ತಿದರು. ಅರ್ಧಕ್ಕರ್ಧ ನಮ್ಮೂರವರೇ. ಅವನನ್ನು ಗುರುತಿಸಿದರು, ಆಮೇಲೆ ಗದಿಗೆವ್ವನ ಮುಖ ನೋಡಿದರು. ಅವಳ ಕೈ ಒಂದು ಗಳಿಗೆ ನಿಂತಿತು. ಅವನು ಅವಳನ್ನು ದಾಟಿ ಮುಂದಿನ ಹೆಂಗಸಿನೆದುರು ನಿಂತು, ದಿನಕ್ಕೆ ಎಷ್ಟು ಚೀಲ ಬಿಡಿಸುತ್ತೀರಿ ಎಂದು ಹಿಂದಿಯಲ್ಲಿ ಕೇಳಿದ. ನಾನು ಕನ್ನಡದಲ್ಲಿ ಕೇಳಿದೆ. ಅವಳು ನನಗೆ ಹೇಳಿದಳು, ನಾನು ಅವನಿಗೆ ಹೇಳಿದೆ. ಇಂಥ ನಾಚಿಕೆಗೇಡಿನ ಕೆಲಸವನ್ನು ನಾನು ಮತ್ತೆ ಮಾಡಿಲ್ಲ.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಗೋದಾಮಿನ ಧೂಳಿಗೆ ಆ ಮಾತು ಗೊತ್ತಿಲ್ಲ. ಮೇಲಧಿಕಾರಿ ಸೀನಿ ಸೀನಿ ಕಣ್ಣುಮೂಗಲ್ಲಿ ನೀರು ಸುರಿಸುತ್ತಿದ್ದ. ಹುಬ್ಬಳ್ಳಿಯ ಮಾಲೀಕರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು. ಉಡಚಪ್ಪ ಮಾತ್ರ ದೇವರ ಮುಂದೆ ನಿಂತಷ್ಟು ನಿರಾಳವಾಗಿ ನಿಂತಿದ್ದ.

ಮಾಲೀಕರು ನನ್ನ ಕಡೆ ತಿರುಗಿದರು. “ರಹಿಮಾನಸಾಬ, ಈ ಸಾಹೇಬ್ರಿಗೆ ಘಾಟ ಹತ್ತೂದಿಲ್ಲಲ್ಲ? ಇವರದು ಯಾವ ಊರು?”

ನಾನು ಬಾಯಿ ತೆರೆಯುವ ಮೊದಲೇ ಉಡಚಪ್ಪ ಕೆಮ್ಮಿದ. ಸೀನಿದ. ಕಣ್ಣು ಒರೆಸಿಕೊಂಡ. ಬಯಲಾಟದವರು ಕೂಡ ಅಷ್ಟು ಬಣ್ಣ ಹಚ್ಚಿಕೊಳ್ಳುವುದಿಲ್ಲ. ಕನ್ನಡ ತಿಳಿಯದ ಸಾಹೇಬನಿಗೆ ಮಾಲೀಕರ ಮಾತು ಹೇಗೆ ತಿಳಿಯಿತೆಂದು, ಪುಣ್ಯಕ್ಕೆ, ಯಾರೂ ಕೇಳಲಿಲ್ಲ.

ಗದಿಗೆವ್ವ ಎದ್ದು ಹೋಗಿ ತಂಬಿಗೆಯಲ್ಲಿ ನೀರು ತಂದಳು. ಎರಡೂ ಕೈಯಿಂದ ಚಾಚಿದಳು.

“ತಗೋರಿ ಸಾಹೇಬ್ರ. ಹೊರಗಿನವರಿಗೆ ಘಾಟ ತಾಳೂದಿಲ್ಲ.”

ಅವನು ಕುಡಿದ. ಬಡ್ತಿಯೂ ಸಿಕ್ಕಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ನಮ್ಮಿಂದ ಕೇಳಿದ್ದನ್ನೇ ನುಣುಪು ಕಾಗದದ ಮೇಲೆ ಅಚ್ಚು ಹಾಕಿ ಮಾಲೀಕರಿಗೆ ಮಾರಿದರು, ಮಾಲೀಕರು ಅದನ್ನು ಗಾಜಿನ ಕಪಾಟಿನಲ್ಲಿಟ್ಟರು.

ಆ ದಿನ ಸಂಜೆ ಗದಿಗೆವ್ವ ಪಕ್ಕದ ಮನೆಯ ಜಯವ್ವನನ್ನು ಕಳಿಸಿ ನನ್ನನ್ನು ಕರೆಸಿದಳು. ಹೋದೆ. ಉಡಚಪ್ಪ ಬೂಟು ಹೊರಗೆ ಬಿಟ್ಟು, ಬೀಗರಿಗೆ ಹಾಸುವ ಜಮಖಾನೆಯ ಮೇಲೆ ಕೂತಿದ್ದ. ಮುಂದೆ ಕಪ್ಪು-ಬಸಿಯಲ್ಲಿ ಚಹಾ. ಹಿಂದೆಲ್ಲ ಅವನು ಒಲೆಯ ಮುಂದೆ ಕೂತು, ಅವಳು ಕುಡಿದಿಟ್ಟ ಲೋಟದಲ್ಲೇ ಉಳಿದದ್ದನ್ನು ಕುಡಿಯುತ್ತಿದ್ದ.

“ಚಿಗವ್ವಾ, ನಂದ ತಪ್ಪಾತು. ನನ್ನ ಕೂಡ ಮಾತಾಡ,” ಎಂದ. ಅಪ್ಪಟ ಕದರಮಂಡಲಗಿಯ ಮಾತು. ಅವನ ಕಣ್ಣಲ್ಲಿ ಈಗ ಬಂದದ್ದು ನಿಜವಾದ ನೀರು.

ಗದಿಗೆವ್ವ ನನ್ನ ಕಡೆ ತಿರುಗಿದಳು.

“ಸಾಹೇಬ್ರು ಏನ ಅಂತಾರಪಾ, ರಹಿಮಾನ? ನನಗ ಅವರ ಮಾತ ತಿಳಿಯಂಗಿಲ್ಲ.”

ಅವನು ನನ್ನನ್ನೇ ನೋಡಿದ. ತಪ್ಪಾಯಿತು ಅನ್ನುತ್ತಾರೆ ಎಂದು ಹೇಳಿದೆ.

“ಚಹಾ ಆರಾಕತ್ತೈತಿ,” ಎಂದಳು. “ಕುಡೀರಿ ಅಂತ ಹೇಳು ಅವರಿಗೆ.”